ಮನೆಪಾಠದ ಮಾತು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಪನ ಹೆಸರು ಬರುತ್ತದೆ, ಬಸವಣ್ಣನವರ ಹೆಸರು ಬರುತ್ತದೆ, ೧೯೫೬ರ ನವೆಂಬರ್ ೧ರಂದು ಹರಿದು ಹಂಚಿಹೋಗಿದ್ದ ನಾಡು ಒಂದಾದ ಕಥೆ ಬರುತ್ತದೆ. ಇವೆಲ್ಲವೂ ಬರಬೇಕಾದುವೇ. ಆದರೆ ಈ ಸಲ ಸಂಘದವರು ನನ್ನಂಥವನನ್ನು ಕರೆದು ಇಲ್ಲಿ ನಿಲ್ಲಿಸಿದ್ದಾರೆ. ನಾನು ಸಾಹಿತಿಯಲ್ಲ, ಈ ಮುಂಬಯಿಯಲ್ಲಿ ಬಹಳ ವರ್ಷಗಳಿಂದ ಶಾಲಾಕಾಲೇಜು ಮಕ್ಕಳಿಗೆ ಗಣಿತ ಮತ್ತು ಭೌತಶಾಸ್ತ್ರದ ಮನೆಪಾಠ ಹೇಳಿಕೊಂಡು ಬಂದ ಒಬ್ಬ ಮೇಷ್ಟರು. ಆದುದರಿಂದ ನನಗೆ ತಿಳಿದ ವಿಷಯವನ್ನೇ, ಎಂದರೆ ಮನೆಪಾಠವನ್ನೇ ಕುರಿತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಇದು ರಾಜ್ಯೋತ್ಸವಕ್ಕೆ ಸಲ್ಲದ ವಿಷಯವೆಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ. ಮನೆಬಾಡಿಗೆಯನ್ನೋ ಸಾಲದ ಕಂತನ್ನೋ ಕಟ್ಟಿದ ಮೇಲೆ ಮುಂದಿನ ದೊಡ್ಡ ಖರ್ಚು ಯಾವುದೆಂದು ಕೇಳಿ. “ಮಕ್ಕಳ ಕ್ಲಾಸು” ಎಂಬ ಉತ್ತರ ಬರುತ್ತದೆ. ಶಾಲೆ ಬೇರೆ, ಕ್ಲಾಸು ಬೇರೆ. ಸಂಜೆ ಐದಕ್ಕೆ ಶಾಲೆಯ ಚೀಲ ಇಳಿಸಿ, ಎರಡು ತುತ್ತು ತಿಂದು, ಇನ್ನೊಂದು ಚೀಲ ಹೊತ್ತು ಹೊರಡುವ ಮಕ್ಕಳನ್ನು ದಿನವೂ ಕಾಣುತ್ತೇವೆ. ಹತ್ತನೆಯ ತರಗತಿ ಮುಗಿದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: “ಗಣಿತ ಇಟ್ಟುಕೊಳ್ಳಲೋ, ಬಿಡಲೋ?” ಬಿಟ್ಟರೆ ಹಲವು ದಾರಿಗಳು ಮುಚ್ಚುತ್ತವೆ. ಇಟ್ಟುಕೊಂಡರೆ ಎರಡು ವರ್ಷ ಭಯ. ಊರುಬಿಟ್ಟು ಬಂದ ಕುಟುಂಬಕ್ಕೆ ಮಕ್ಕಳ ವಿದ್ಯೆಯೇ ಹೊಲ, ಅದೇ ಗದ್ದೆ. ಆ ಹೊಲದಲ್ಲಿ ಏನು ಬೆಳೆಯುತ್ತಿದೆಯೆಂದು ಒಮ್ಮೆ ಕೂತು ನೋಡುವುದು ಅಗತ್ಯ.

ಗಣಿತ ಕನ್ನಡದವರಿಗೆ ಹೊರಗಿನಿಂದ ಬಂದ ವಸ್ತುವೇನೂ ಅಲ್ಲ. ೯ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದ ಕಾಲದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದು, ಆ ಗ್ರಂಥದ ಆರಂಭದಲ್ಲಿ ಅರಸನನ್ನು ಕೊಂಡಾಡಿದ್ದಾನೆ. ಆ ಗ್ರಂಥ ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ೧೨ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ರಚಿಸಿದನು. ಅದೇ ಶತಮಾನದಲ್ಲಿ, ೧೧೫೦ರಲ್ಲಿ, ಭಾಸ್ಕರಾಚಾರ್ಯನ ‘ಲೀಲಾವತಿ’ ಹುಟ್ಟಿತು. ಆ ಪುಸ್ತಕದ ರೀತಿಯನ್ನು ಗಮನಿಸಬೇಕು. ಅಲ್ಲಿನ ಎಷ್ಟೋ ಲೆಕ್ಕಗಳು ಎದುರಿಗೆ ಕುಳಿತ ಒಬ್ಬ ಬಾಲೆಗೆ ಕೇಳಿದ ಪ್ರಶ್ನೆಗಳಂತಿವೆ. ಸೂತ್ರವನ್ನು ಹೇಳಿ, ಅದರ ಬೆನ್ನಿಗೇ “ನೀನು ಹೇಳು, ನೋಡೋಣ” ಎಂಬ ಧಾಟಿ. ಮನೆಪಾಠದ ಮೂಲರೂಪ ಅದೇ. ಹೇಳುವವನು ಒಬ್ಬ, ಕೇಳುವವನು ಒಬ್ಬ. ನಡುವೆ ಒಂದು ಪ್ರಶ್ನೆ.

ಹಾಗಾದರೆ ಇಂದು ನಾವು ಮನೆಪಾಠವೆಂದು ಕರೆಯುವುದು ಯಾವುದನ್ನು? ನಾನು ಎರಡು ಬಗೆಯನ್ನು ಕಂಡಿದ್ದೇನೆ. ಒಂದು ಬಗೆಯಲ್ಲಿ ಹುಡುಗ ಶಾಲೆಯಲ್ಲಿ ಕೊಟ್ಟ ಹತ್ತು ಲೆಕ್ಕಗಳನ್ನು ತರುತ್ತಾನೆ, ಮೇಷ್ಟರು ಬಿಡಿಸುತ್ತಾರೆ, ಹುಡುಗ ನಕಲು ಮಾಡಿಕೊಳ್ಳುತ್ತಾನೆ. ತಾಯಿತಂದೆಗಳಿಗೆ ತೃಪ್ತಿ, ಶಾಲೆಗೆ ತೃಪ್ತಿ, ನೋಟುಬುಕ್ಕು ತುಂಬಿದೆ. ಇನ್ನೊಂದು ಬಗೆಯಲ್ಲಿ ಹತ್ತು ಲೆಕ್ಕ ಮುಗಿಯುವುದಿಲ್ಲ, ಮೂರೇ ಮುಗಿಯುತ್ತವೆ. ಆದರೆ ಆ ಮೂರರಲ್ಲಿ ಮಾತಾಡಿದವನು ಹೆಚ್ಚಾಗಿ ಹುಡುಗನೇ, ಮೇಷ್ಟರು ನಡುನಡುವೆ “ಅದೇಕೆ?”, “ಅದು ನಿನಗೆ ಹೇಗೆ ಗೊತ್ತು?” ಎಂದಷ್ಟೇ ಕೇಳಿದ್ದಾರೆ. ಮೊದಲನೆಯ ಬಗೆಗೆ ಹೋದ ಮಗು ವರ್ಷ ವರ್ಷವೂ ಹೋಗುತ್ತಲೇ ಇರಬೇಕು. ಎರಡನೆಯ ಬಗೆಗೆ ಹೋದ ಮಗು ಸ್ವಲ್ಪ ಕಾಲದ ಮೇಲೆ ಹೋಗಬೇಕಾಗಿಲ್ಲ. ಮನೆಪಾಠದ ಗುಣವನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆಗೋಲು ನನಗೆ ತಿಳಿಯದು.

ಐವತ್ತು ಅರುವತ್ತು ಮಕ್ಕಳ ತರಗತಿಯಲ್ಲಿ ಶಾಲೆಯ ಉಪಾಧ್ಯಾಯರು ಈ ಎರಡನೆಯ ಬಗೆಯನ್ನು ಪ್ರತಿಯೊಬ್ಬನೊಡನೆಯೂ ನಡೆಸುವುದು ಕಷ್ಟ. ಅಲ್ಲಿ ತಿಳಿಯದ ಮಗು ತಿಳಿದವರ ನಡುವೆ ಸುಮ್ಮನೆ ತಲೆಯಾಡಿಸಿ ಅಡಗಿಕೊಳ್ಳಬಹುದು. ಒಬ್ಬನೇ ಎದುರಿಗೆ ಕುಳಿತಾಗ ಅಡಗಲು ಜಾಗವಿಲ್ಲ. ೧೯೮೪ರಲ್ಲಿ ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಒಂದು ಪ್ರಸಿದ್ಧ ಲೇಖನ ಪ್ರಕಟಿಸಿದರು. ಒಬ್ಬೊಬ್ಬರಿಗೇ ಪಾಠ ಹೇಳಿ, ಒಂದು ಪಾಠ ಗಟ್ಟಿಯಾದ ಮೇಲೆಯೇ ಮುಂದಿನದಕ್ಕೆ ಕರೆದೊಯ್ದಾಗ, ಅಂಥ ಗುಂಪಿನ ಸಾಧಾರಣ ವಿದ್ಯಾರ್ಥಿ ಮಾಮೂಲಿ ತರಗತಿಯ ನೂರಕ್ಕೆ ೯೮ ಮಂದಿಯನ್ನು ಮೀರಿಸಿದನೆಂದು ಅದರಲ್ಲಿ ಹೇಳಿದೆ. ಅನಂತರದ ಸಂಶೋಧಕರಿಗೆ ಇಷ್ಟು ದೊಡ್ಡ ಫಲ ಕಂಡುಬರಲಿಲ್ಲ. ಆದರೂ ಒಬ್ಬೊಬ್ಬರ ಪಾಠದಿಂದ ಒಳ್ಳೆಯ ಫಲವುಂಟೆಂಬುದರಲ್ಲಿ ಸಂಶಯ ಉಳಿದಿಲ್ಲ. ನೂರು ಮಂದಿಯನ್ನು ಒಂದು ಹಾಲಿನಲ್ಲಿ ಕೂರಿಸಿ ಮೈಕಿನಲ್ಲಿ ಹೇಳುವ ಪಾಠ ಈ ಲೆಕ್ಕಕ್ಕೆ ಬರುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಈಗ ಗಣಿತದ ಒಳಗೇ ಸ್ವಲ್ಪ ಹೋಗೋಣ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೀಜಗಣಿತ ಬರುವುದಿಲ್ಲವೆಂದು ಬರುತ್ತಾಳೆ. ಅವಳ ತಪ್ಪುಗಳನ್ನು ಒಂದು ವಾರ ಸುಮ್ಮನೆ ನೋಡುತ್ತಾ ಹೋದರೆ, ತೊಡಕು ಇರುವುದು ಬೀಜಗಣಿತದಲ್ಲಲ್ಲ, ಐದನೆಯ ತರಗತಿಯ ಭಿನ್ನರಾಶಿಯಲ್ಲಿ ಎಂದು ಗೊತ್ತಾಗುತ್ತದೆ. “ಅರ್ಧವನ್ನು ಕಾಲಿನಿಂದ ಭಾಗಿಸು” ಎಂದರೆ ಅವಳು ಕೆಳಗಿನ ಸಂಖ್ಯೆಯನ್ನು ತಲೆಕೆಳಗು ಮಾಡಿ ಗುಣಿಸುತ್ತಾಳೆ. ಎರಡು ಎಂಬ ಉತ್ತರವೂ ಬರುತ್ತದೆ. “ಭಾಗಿಸಿದರೆ ಕಡಿಮೆಯಾಗಬೇಕಲ್ಲ, ಅರ್ಧಕ್ಕಿಂತ ದೊಡ್ಡದಾದ ಎರಡು ಎಲ್ಲಿಂದ ಬಂತು?” ಎಂದು ಕೇಳಿದರೆ ಮಾತಿಲ್ಲ. ಆಗ ಪುಸ್ತಕ ಮುಚ್ಚಿಸಿ, ಅಡುಗೆಮನೆಯಿಂದ ಅರ್ಧ ಲೀಟರು ನೀರನ್ನೂ ಕಾಲು ಲೀಟರು ಹಿಡಿಯುವ ಲೋಟವನ್ನೂ ತರಿಸಬೇಕು. ಈ ಅರ್ಧ ಲೀಟರಿನಲ್ಲಿ ಇಂಥ ಲೋಟ ಎಷ್ಟು ತುಂಬುತ್ತವೆ? ಎರಡು. ಭಾಗಾಕಾರವೆಂದರೆ “ಇದರಲ್ಲಿ ಅದು ಎಷ್ಟು ಸಲ ಇದೆ” ಎಂಬ ಪ್ರಶ್ನೆಯೆಂದು ಅವಳೇ ಹೇಳುತ್ತಾಳೆ. ಹೀಗೆ ಹಿಂದಕ್ಕೆ ಹೋಗಿ ಒಂದು ಮೆಟ್ಟಿಲನ್ನು ಸರಿಮಾಡಲು ಎರಡು ವಾರ ಹಿಡಿಯಬಹುದು. ಆ ಎರಡು ವಾರ ತಾಯಿತಂದೆಗಳು ತಾಳ್ಮೆಯಿಂದಿರಬೇಕು. “ಶಾಲೆಯಲ್ಲಿ ಎಂಟನೆಯ ಪಾಠ ನಡೆದಿದೆ, ಮೇಷ್ಟರು ಇನ್ನೂ ಲೋಟದಲ್ಲಿ ನೀರು ಹಾಕಿಸುತ್ತಿದ್ದಾರೆ” ಎಂದು ಗಾಬರಿಯಾಗಬಾರದು.

ಇನ್ನೊಂದು ಲೆಕ್ಕವನ್ನು ನೋಡಿ. ಒಬ್ಬನು ೧೨೦ ಕಿಲೋಮೀಟರು ದೂರದ ಊರಿಗೆ ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ಹೋಗಿ, ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹಿಂದಿರುಗಿದ. ಅವನ ಸರಾಸರಿ ವೇಗ ಎಷ್ಟು? ಹತ್ತು ಮಕ್ಕಳಲ್ಲಿ ಎಂಟು ಮಂದಿ “೫೦” ಎಂದು ಒಮ್ಮೆಲೇ ಹೇಳುತ್ತಾರೆ, ದೊಡ್ಡವರೂ ಹೇಳುತ್ತಾರೆ. ಇಲ್ಲಿ “ತಪ್ಪು” ಎಂದು ಹೇಳಿ ಸರಿಯುತ್ತರ ಕೊಟ್ಟುಬಿಟ್ಟರೆ ಪಾಠ ಸತ್ತಿತು. “ಹೋಗಲು ಎಷ್ಟು ಹೊತ್ತು ಹಿಡಿಯಿತು?” ಎಂದು ಕೇಳಬೇಕು. ಮೂರು ಗಂಟೆ. “ಬರಲು?” ಎರಡು ಗಂಟೆ. “ಒಟ್ಟು ದೂರ?” ೨೪೦. ಅಷ್ಟರಲ್ಲಿ ಮಗುವಿನ ಮುಖದಲ್ಲಿ ಬೆಳಕು ಬರುತ್ತದೆ: ಐದು ಗಂಟೆಯಲ್ಲಿ ೨೪೦, ಎಂದರೆ ಗಂಟೆಗೆ ೪೮. “೫೦ ಏಕೆ ಆಗಲಿಲ್ಲ?” ಎಂಬುದು ಕೊನೆಯ ಪ್ರಶ್ನೆ, ಅದೇ ಮುಖ್ಯ ಪ್ರಶ್ನೆ. ನಿಧಾನವಾಗಿ ಹೋದಾಗ ಹೆಚ್ಚು ಹೊತ್ತು ಕಳೆದಿದ್ದಾನೆ. ಆದ್ದರಿಂದ ನಿಧಾನದ ಕಡೆಗೆ ತೂಕ ಹೆಚ್ಚು. ಇದನ್ನು ಮಗು ತನ್ನ ಮಾತಿನಲ್ಲಿ ಹೇಳಿದ ದಿನ ಸರಾಸರಿಯ ಪಾಠ ಮುಗಿಯಿತು.

“ತನ್ನ ಮಾತಿನಲ್ಲಿ” ಎಂದೆ. ನಾನು ಈ ದಿನ ಹೇಳಬೇಕೆಂದಿರುವುದೆಲ್ಲ ಈ ಎರಡು ಪದಗಳಲ್ಲಿ ಅಡಗಿದೆ. ನಮ್ಮ ಮಕ್ಕಳ ಮಾತು ಯಾವುದು? ಶಾಲೆಯ ಪುಸ್ತಕ ಇಂಗ್ಲಿಷು, ಬೀದಿಯಲ್ಲಿ ಮರಾಠಿ, ಹಿಂದಿ. ಮನೆಯಲ್ಲಿ ಕನ್ನಡ, ಕೆಲವು ಮನೆಗಳಲ್ಲಿ ತುಳುವೋ ಕೊಂಕಣಿಯೋ ಜೊತೆಗೆ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು; ಆದುದರಿಂದ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿ ಚೆನ್ನಾಗಿ ಕಲಿಯಲೇಬೇಕು. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಯೋಚಿಸುವುದೂ ತಡವರಿಸುವುದೂ, ತಪ್ಪುಮಾಡಿ ತಿದ್ದಿಕೊಳ್ಳುವುದೂ ಮಗುವಿಗೆ ಸಲೀಸಾದ ಮಾತಿನಲ್ಲಿ ನಡೆಯಬೇಕು. ಪುಸ್ತಕದ ಇಂಗ್ಲಿಷ್ ವಾಕ್ಯವನ್ನು ಒಂದಕ್ಷರ ಬಿಡದೆ ಒಪ್ಪಿಸುವ ಹುಡುಗನನ್ನು “ಈಗ ನಿನ್ನ ಅಜ್ಜಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳು” ಎಂದು ಕೇಳಿ ನೋಡಿ. ತಿಳಿದಿದ್ದರೆ ಹೇಳುತ್ತಾನೆ. ತಿಳಿಯದಿದ್ದರೆ ಅಲ್ಲೇ ನಿಲ್ಲುತ್ತಾನೆ. ಎಲ್ಲಿ ನಿಂತನೋ ಅಲ್ಲಿಂದ ಪಾಠ ಆರಂಭಿಸಬೇಕೆಂದು ನಮಗೂ ಗೊತ್ತಾಗುತ್ತದೆ.

ಕನ್ನಡ ಇಂಥ ಕೆಲಸಕ್ಕೆ ಸಾಲದೆಂಬ ಕೀಳರಿಮೆ ನಮ್ಮಲ್ಲಿ ಕೆಲವರಿಗಿದೆ. ಎಣಿಕೆಯನ್ನೇ ತೆಗೆದುಕೊಳ್ಳಿ. ೨೧ ಎಂಬುದನ್ನು ಕನ್ನಡದಲ್ಲಿ ‘ಇಪ್ಪತ್ತೊಂದು’ ಎನ್ನುತ್ತೇವೆ: ಮೊದಲು ಇಪ್ಪತ್ತು, ಆಮೇಲೆ ಒಂದು. ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ ಅದು ‘ಏಕವೀಸ’, ಮೊದಲು ಒಂದು, ಆಮೇಲೆ ಇಪ್ಪತ್ತು. ಹಿಂದಿಯಲ್ಲಿಯೂ ಬಿಡಿಯ ಅಂಕಿಯೇ ಮುಂದೆ. ಇಂಗ್ಲಿಷಿನಲ್ಲಿ ಹದಿಮೂರರಿಂದ ಹತ್ತೊಂಬತ್ತರವರೆಗೆ ಕ್ರಮ ಹಿಂದುಮುಂದು. ಕನ್ನಡದ ‘ಹದಿಮೂರು’ ಹತ್ತನ್ನು ಮುಂದಿಟ್ಟುಕೊಂಡೇ ನಡೆಯುತ್ತದೆ. ೨೦೧೯ರಲ್ಲಿ ಮಹಾರಾಷ್ಟ್ರದ ೨ನೆಯ ತರಗತಿಯ ಗಣಿತ ಪುಸ್ತಕದಲ್ಲಿ, ಮಕ್ಕಳಿಗೆ ಸುಲಭವಾಗಲೆಂದು ‘ಏಕವೀಸ’ದ ಜೊತೆಗೆ ‘ವೀಸ ಏಕ’ ಎಂಬ ಓದುವ ಕ್ರಮವನ್ನು ತಂದಾಗ ಎದ್ದ ಚರ್ಚೆ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅವರು ಹೊಸದಾಗಿ ತರಲು ಹೊರಟ ಅನುಕೂಲ ನಮ್ಮ ಅಜ್ಜಿಯ ಬಾಯಲ್ಲಿ ಮೊದಲೇ ಇತ್ತು. ಇನ್ನು ಭಿನ್ನರಾಶಿ: ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ, ಅರೆಕಾಲು, ವೀಸ. ಹಿಂದಿನವರು ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಗಳನ್ನು ಹೇಳುತ್ತಿದ್ದರು. ಅರೆಕಾಲು ಎಂದರೆ ಕಾಲಿನ ಅರ್ಧ, ಎಂಟರಲ್ಲಿ ಒಂದು. ಅದರರ್ಧ ವೀಸ, ಹದಿನಾರರಲ್ಲಿ ಒಂದು. ‘ಅರೆಕಾಲು’ ಎಂಬ ಪದದ ಒಳಗೇ ಒಂದು ಗುಣಾಕಾರವಿದೆ. ಮೂರು ವರ್ಷದ ಮಗುವಿಗೆ ಅಂಗಳದಲ್ಲೋ ಲಿಫ್ಟಿನಲ್ಲೋ ಕನ್ನಡದಲ್ಲಿ ಎಣಿಸಲು ಕಲಿಸುವುದರಿಂದ ಶಾಲೆಯ ಗಣಿತಕ್ಕೆ ನಷ್ಟವಿಲ್ಲ, ಲಾಭವೇ ಉಂಟು.

ಭೌತಶಾಸ್ತ್ರದಲ್ಲಿ ಭಾಷೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಬಲ, ಶಕ್ತಿ, ಕೆಲಸ, ತೂಕ ಇವೆಲ್ಲ ಮನೆಯ ಮಾತುಗಳು. ಶಾಸ್ತ್ರ ಇವುಗಳನ್ನು ತೆಗೆದುಕೊಂಡು ಒಂದೊಂದಕ್ಕೂ ಒಂದೊಂದೇ ಅರ್ಥವನ್ನು ಕಟ್ಟಿಕೊಡುತ್ತದೆ. ದಾದರ್ ಸ್ಟೇಷನ್ನಿನಲ್ಲಿ ಒಬ್ಬನು ತಲೆಯ ಮೇಲೆ ಮೂಟೆ ಹೊತ್ತು ಅರ್ಧ ಗಂಟೆ ಅಲುಗಾಡದೆ ನಿಂತಿದ್ದರೆ, ಶಾಸ್ತ್ರದ ಪ್ರಕಾರ ಆ ಮೂಟೆಯ ಮೇಲೆ ಅವನು ಮಾಡಿದ ಕೆಲಸ ಸೊನ್ನೆ. ಇದನ್ನು ಕೇಳಿ ಮಕ್ಕಳು ನಗುತ್ತಾರೆ. ಕೆಲವರಿಗೆ ಸಿಟ್ಟೂ ಬರುತ್ತದೆ. ಬರಲಿ. ತಾಯಿ ೧೦ ಕಿಲೋ ಅಕ್ಕಿಯನ್ನು ೬ ಮೀಟರು ಎತ್ತರದ ಎರಡನೆಯ ಮಹಡಿಗೆ ಹೊತ್ತು ತಂದಳೆಂದು ಇಟ್ಟುಕೊಳ್ಳೋಣ. ಅಕ್ಕಿಯನ್ನು ಎತ್ತಿದ ಕೆಲಸ ಸುಮಾರು ೬೦೦ ಜೌಲು. ೧೦ ವ್ಯಾಟಿನ ದೀಪ ಒಂದು ನಿಮಿಷ ಉರಿದರೆ ಖರ್ಚಾಗುವುದೂ ಅಷ್ಟೇ. “ಹಾಗಾದರೆ ಅಮ್ಮನಿಗೆ ಅಷ್ಟು ಆಯಾಸವಾದದ್ದು ಏಕೆ?” ಎಂದು ಒಂದು ಮಗು ಕೇಳಿತು. ಎಂಥ ಒಳ್ಳೆಯ ಪ್ರಶ್ನೆ! ಅಮ್ಮ ಅಕ್ಕಿಯ ಜೊತೆಗೆ ತನ್ನ ಮೈಯನ್ನೂ ಮೇಲಕ್ಕೆ ಎತ್ತಿದ್ದಾಳೆ. ಅವಳ ತೂಕ ೬೦ ಕಿಲೋ ಆದರೆ ಅದೇ ೩,೬೦೦ ಜೌಲು. ಅಲ್ಲದೆ ಸ್ನಾಯುಗಳು ಉಪಯೋಗಿಸುವ ಶಕ್ತಿಯ ಬಹುಭಾಗ ಶಾಖವಾಗಿ ಹೋಗುತ್ತದೆ, ಅದಕ್ಕೇ ಬೆವರು. ಮನೆಯ ಅರ್ಥಕ್ಕೂ ಶಾಸ್ತ್ರದ ಅರ್ಥಕ್ಕೂ ಇರುವ ಈ ಅಂತರವನ್ನು ಹೇಳಿಕೊಡದಿದ್ದರೆ ಮಗು ಸೂತ್ರವನ್ನು ಬಾಯಿಪಾಠ ಮಾಡುತ್ತದೆ, ಮನಸ್ಸಿನಲ್ಲಿ ಮಾತ್ರ ಅದನ್ನು ನಂಬುವುದಿಲ್ಲ.

ಕೈಯಿಂದ ಮಾಡದ ಭೌತಶಾಸ್ತ್ರ ಅರ್ಧ ಭೌತಶಾಸ್ತ್ರ. ಪ್ರಯೋಗಶಾಲೆ ಬೇಕಾಗಿಲ್ಲ. ಒಂದು ದಾರ, ಒಂದು ಬೀಗ, ಸೆಕೆಂಡು ತೋರಿಸುವ ಒಂದು ಗಡಿಯಾರ ಸಾಕು. ದಾರಕ್ಕೆ ಬೀಗವನ್ನು ಕಟ್ಟಿ, ಮೊಳೆಯಿಂದ ಬೀಗದ ನಡುವಿನವರೆಗೆ ಸರಿಯಾಗಿ ಒಂದು ಮೀಟರು ಇರುವಂತೆ ತೂಗುಹಾಕಿ, ಸ್ವಲ್ಪವೇ ಎಳೆದು ಬಿಡಿ. ಹೋಗಿ ಬಂದರೆ ಒಂದು ಎಣಿಕೆ, ಇಪ್ಪತ್ತು ಎಣಿಸಿ. ಸುಮಾರು ೪೦ ಸೆಕೆಂಡು ಆಗುತ್ತದೆ. ಈಗ ಮಕ್ಕಳನ್ನು ಕೇಳಿ: “ಇದರ ಎರಡರಷ್ಟು ತೂಕದ ಬೀಗ ಕಟ್ಟಿದರೆ?” ಬೇಗ ತೂಗುತ್ತದೆಂದು ಒಬ್ಬ, ನಿಧಾನವಾಗುತ್ತದೆಂದು ಇನ್ನೊಬ್ಬ, ಜಗಳವೇ ಆಗುತ್ತದೆ. ಮಾಡಿ ನೋಡಿದರೆ ಉದ್ದ ಅಷ್ಟೇ ಇದ್ದಾಗ ಮತ್ತೆ ೪೦. ಆಮೇಲೆ ದಾರವನ್ನು ಕಾಲು ಮೀಟರಿಗೆ ಇಳಿಸಿ. ಕಾಲರಷ್ಟು ಹೊತ್ತು, ಹತ್ತು ಸೆಕೆಂಡು, ಎಂದು ಎಲ್ಲರೂ ಒಮ್ಮತದಿಂದ ಹೇಳುತ್ತಾರೆ. ಆಗುವುದು ಸುಮಾರು ೨೦. ಉದ್ದ ಕಾಲಾದರೆ ಕಾಲ ಅರ್ಧವಾಯಿತು. ವರ್ಗಮೂಲವೆಂಬುದು ಪುಸ್ತಕದಿಂದ ಇಳಿದುಬಂದು ಕಣ್ಣಮುಂದೆ ತೂಗಾಡಿತು. ದೊಡ್ಡ ಮಕ್ಕಳಾದರೆ ಇದೇ ಅಳತೆಯಿಂದ ಭೂಮಿಯ ಗುರುತ್ವದ ವೇಗವರ್ಧನೆಯನ್ನು ಲೆಕ್ಕ ಹಾಕಿ, ಪುಸ್ತಕದ ೯.೮ಕ್ಕೆ ಬಹಳ ಹತ್ತಿರ ಬರಬಹುದು. ತನ್ನ ಮನೆಯ ಮೊಳೆಗೆ ನೇತುಹಾಕಿದ ಬೀಗದಿಂದ ಭೂಮಿಯ ಸೆಳೆತವನ್ನು ಅಳೆದ ಮಗುವಿಗೆ ಆ ಸಂಖ್ಯೆಯನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಭೌತಶಾಸ್ತ್ರದ ಲೆಕ್ಕಗಳಲ್ಲಿ ನಾನು ಮೂರು ಕಟ್ಟಳೆಗಳನ್ನು ಬಿಡದೆ ಪಾಲಿಸುತ್ತೇನೆ. ಮೊದಲು ಚಿತ್ರ, ಆಮೇಲೆ ಸೂತ್ರ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದರ ಮಾನ: ಮೀಟರೋ, ಸೆಕೆಂಡೋ, ಕಿಲೋಗ್ರಾಮೋ. ಉತ್ತರ ಬಂದ ಮೇಲೆ “ಇದು ಲೋಕದಲ್ಲಿ ಆಗುವ ಮಾತೇ?” ಎಂಬ ಪ್ರಶ್ನೆ. ಓಡುವ ಹುಡುಗನ ವೇಗ ಗಂಟೆಗೆ ೪೦೦ ಕಿಲೋಮೀಟರೆಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ನಿಶ್ಚಿಂತೆಯಿಂದ ಪುಟ ತಿರುಗಿಸುವ ವಿದ್ಯಾರ್ಥಿಗಳಿದ್ದಾರೆ. ಅವರಿಗೆ ಗುಣಾಕಾರ ಬಾರದೆಂದಲ್ಲ. ಲೆಕ್ಕಕ್ಕೂ ಲೋಕಕ್ಕೂ ಸಂಬಂಧವುಂಟೆಂದು ಯಾರೂ ಅವರಿಗೆ ತೋರಿಸಿಲ್ಲ.

ವಿಷಯವನ್ನು ಬಲ್ಲವರೆಲ್ಲ ಪಾಠ ಹೇಳಬಲ್ಲರೆಂದು ಭಾವಿಸಬಾರದು. ಶ್ರೀನಿವಾಸ ರಾಮಾನುಜನ್ನರು ೧೯೧೦ರ ಸುಮಾರಿನಲ್ಲಿ ಮದರಾಸಿನಲ್ಲಿ ಕೆಲಸ ಹುಡುಕುತ್ತಿದ್ದಾಗ ಹೊಟ್ಟೆಪಾಡಿಗಾಗಿ ಕಾಲೇಜು ವಿದ್ಯಾರ್ಥಿಗಳಿಗೆ ಮನೆಪಾಠ ಹೇಳಿದವರು. ಗಣಿತವೊಂದನ್ನು ಬಿಟ್ಟು ಉಳಿದ ವಿಷಯಗಳನ್ನು ಅಲಕ್ಷಿಸಿದ್ದರಿಂದ ಅವರೇ ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲಿಲ್ಲ. ಪರೀಕ್ಷೆಯ ಅಂಕಗಳಿಂದ ಮಗುವಿನ ಬುದ್ಧಿಯನ್ನು ಅಳೆಯುವವರು ಇದನ್ನು ನೆನಪಿಡಬೇಕು. ಇನ್ನೊಂದು ಕಡೆ, ನಮ್ಮ ನೆರೆಯಲ್ಲೇ, ನಾಸಿಕದ ಹತ್ತಿರದ ದೇವಳಾಲಿಯಲ್ಲಿ, ದತ್ತಾತ್ರೇಯ ಕಾಪ್ರೇಕರರೆಂಬ ಶಾಲಾ ಉಪಾಧ್ಯಾಯರಿದ್ದರು. ೧೯೦೫ರಿಂದ ೧೯೮೬ರವರೆಗೆ ಬಾಳಿದವರು. ೧೯೪೯ರಲ್ಲಿ ಅವರು ಒಂದು ಚೋದ್ಯವನ್ನು ಕಂಡುಹಿಡಿದರು. ನಾಲ್ಕು ಅಂಕಿಗಳ ಯಾವುದಾದರೂ ಸಂಖ್ಯೆಯನ್ನು ತೆಗೆದುಕೊಳ್ಳಿ. ನಾಲ್ಕೂ ಒಂದೇ ಅಂಕಿಯಾಗಿರಬಾರದು, ಅಷ್ಟೇ. ಉದಾಹರಣೆಗೆ ೩೫೨೪. ಅಂಕಿಗಳನ್ನು ಇಳಿಯುವ ಕ್ರಮದಲ್ಲಿಟ್ಟರೆ ೫೪೩೨, ಏರುವ ಕ್ರಮದಲ್ಲಿಟ್ಟರೆ ೨೩೪೫, ಕಳೆದರೆ ೩೦೮೭. ಮತ್ತೆ ಹಾಗೆಯೇ, ೮೭೩೦ರಲ್ಲಿ ೩೭೮ ಕಳೆದರೆ ೮೩೫೨. ಮತ್ತೆ, ೮೫೩೨ರಲ್ಲಿ ೨೩೫೮ ಕಳೆದರೆ ೬೧೭೪. ಇನ್ನು ಎಷ್ಟು ಸಲ ಮಾಡಿದರೂ ೬೧೭೪ೇ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ವ್ಯವಕಲನ ಬೇಸರವೆನ್ನುವ ಮಗುವಿಗೆ ಇದನ್ನು ಹೇಳಿಕೊಡಿ. ಕೇಳದೆಯೇ ಇಪ್ಪತ್ತು ಲೆಕ್ಕ ಮಾಡುತ್ತದೆ. ಒಂದು ಸಣ್ಣ ಊರಿನ ಶಾಲಾ ಮೇಷ್ಟರ ಈ ಆಟಿಕೆ ಇಂದು ಅವರ ಹೆಸರಿನಿಂದಲೇ ಲೋಕದ ಗಣಿತಜ್ಞರಿಗೆ ಪರಿಚಿತವಾಗಿದೆ.

ಇನ್ನು ಹಣದ ಮಾತು. ದೊಡ್ಡ ಪರೀಕ್ಷೆಗಳಿಗೆ ತರಬೇತು ಕೊಡುವ ಸಂಸ್ಥೆಗಳೆಲ್ಲ ಕೆಟ್ಟವೆಂದು ನಾನು ಹೇಳುವುದಿಲ್ಲ. ಅಲ್ಲಿ ಅಭ್ಯಾಸ ಸಿಗುತ್ತದೆ, ವೇಗ ಬರುತ್ತದೆ, ಸ್ಪರ್ಧೆಯ ಪರಿಚಯವಾಗುತ್ತದೆ. ಆದರೆ ಬೇರಿಲ್ಲದ ಗಿಡಕ್ಕೆ ಗೊಬ್ಬರ ಸುರಿದಂತೆ ಆರನೆಯ ತರಗತಿಯಿಂದಲೇ ಮಕ್ಕಳನ್ನು ಅಲ್ಲಿಗೆ ದೂಡುವ ಚಪಲ ಹೆಚ್ಚಿದೆ. ೨೦೨೪ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕೋಚಿಂಗ್ ಕೇಂದ್ರಗಳು ೧೬ ವರ್ಷಕ್ಕಿಂತ ಕಿರಿಯ ಮಕ್ಕಳನ್ನು ಸೇರಿಸಿಕೊಳ್ಳಬಾರದೆಂದಿದೆ. ಸರಕಾರವೇ ಹೀಗೆ ಹೇಳಬೇಕಾಗಿ ಬಂತೆಂದರೆ ಕಾರಣವಿಲ್ಲದೆ ಇಲ್ಲ. ಹಣ ಕಟ್ಟುವ ಮುಂಚೆ ತಾಯಿತಂದೆಗಳು ಎರಡು ಪ್ರಶ್ನೆ ಕೇಳಲಿ: ಅಲ್ಲಿ ನನ್ನ ಮಗು ಬಾಯಿಬಿಟ್ಟು ಪ್ರಶ್ನೆ ಕೇಳಲು ಅವಕಾಶವುಂಟೆ? ತಪ್ಪಿದ ಲೆಕ್ಕವನ್ನು ಯಾರಾದರೂ ಅವನ ಜೊತೆ ಕೂತು ನೋಡುತ್ತಾರೆಯೇ? ಇನ್ನೊಂದು ಮಾತನ್ನೂ ಸಂಕೋಚವಿಲ್ಲದೆ ಹೇಳುತ್ತೇನೆ. ಮನೆಯಲ್ಲಿ ಒಬ್ಬ ಮಗ, ಒಬ್ಬಳು ಮಗಳು ಇದ್ದು ಹಣ ಒಬ್ಬರಿಗೇ ಸಾಲುವಂತಿದ್ದಾಗ, ಗಣಿತದ ಕ್ಲಾಸು ಮಗನಿಗೆ, “ಅವಳಿಗೆ ಯಾಕೆ ಅಷ್ಟೆಲ್ಲ” ಎಂಬ ಮಾತು ಮಗಳಿಗೆ ಹೋಗುವುದನ್ನು ನಾನು ಈಗಲೂ ಕಾಣುತ್ತಿದ್ದೇನೆ. ಒಂಬೈನೂರು ವರ್ಷದ ಹಿಂದಿನ ಗ್ರಂಥವೊಂದಕ್ಕೆ ಹೆಣ್ಣಿನ ಹೆಸರಿದೆ. ಅದರಲ್ಲಿ ಲೆಕ್ಕ ಕೇಳಿರುವುದು ಬಾಲೆಯನ್ನು. ನಾವು ಅದಕ್ಕಿಂತ ಹಿಂದಕ್ಕೆ ಹೋಗಬಾರದು.

“ನಮಗೇ ಗಣಿತ ಬಾರದು, ನಾವೇನು ಮಾಡೋಣ?” ಎಂದು ನಿಮ್ಮಲ್ಲಿ ಹಲವರು ಕೇಳಬಹುದು. ನಾನು ಕಂಡ ಒಂದು ಮನೆಯ ಮಾತನ್ನು ಹೇಳುತ್ತೇನೆ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಹೋಟೆಲಿನಲ್ಲಿ ದುಡಿದು, ಆಮೇಲೆ ಒಂದು ಆಫೀಸಿನ ಕ್ಯಾಂಟೀನು ಸೇರಿದವರು. ಓದಿದ್ದು ನಾಲ್ಕನೆಯ ತರಗತಿ. ಮಗಳಿಗೆ ಪಾಠ ಹೇಳಲು ನಾನು ವಾರಕ್ಕೆ ಎರಡು ದಿನ ಹೋಗುತ್ತಿದ್ದೆ. ಉಳಿದ ದಿನ ರಾತ್ರಿ ಊಟವಾದ ಮೇಲೆ ಅವರು ಮಗಳ ಎದುರು ಕುಳಿತು, “ಇವತ್ತು ಎಂತ ಕಲ್ತೆ? ನಂಗೆ ಗೊತ್ತಾಪ್ ಹಾಂಗೆ ಹೇಳ್ ಮಗಾ” ಎನ್ನುತ್ತಿದ್ದರು. ಅವಳು ಹೇಳುವಳು. “ಅದ್ ಹ್ಯಾಂಗೆ?” ಎಂದು ಅವರು ಕೇಳುವರು. ಅವಳಿಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. “ಅಪ್ಪಯ್ಯನಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ ಸರ್” ಎಂದು ನನ್ನ ಹತ್ತಿರ ದೂರುತ್ತಿದ್ದಳು. ಅಪ್ಪಯ್ಯನಿಗೆ ತಿಳಿಸುವ ಹಟದಲ್ಲಿ ಅವಳಿಗೆ ತಿಳಿಯಿತು. ಒಂದು ವರ್ಷದ ಮೇಲೆ ನಾನೇ ಅವರಿಗೆ ಹೇಳಿದೆ, ಇನ್ನು ನಾನು ಬರುವ ಅಗತ್ಯವಿಲ್ಲವೆಂದು. ಅವರು “ನಾನ್ ಬರೀ ಕೇಂತಿದ್ದೆ ಅಷ್ಟೆ ಮಾಸ್ಟ್ರೇ” ಎಂದರು. ಕೇಳುವುದು ಎಷ್ಟು ದೊಡ್ಡ ಕೆಲಸವೆಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ದಿನಕ್ಕೆ ಇಪ್ಪತ್ತು ನಿಮಿಷ ದೂರದರ್ಶನವನ್ನು ನಿಲ್ಲಿಸಿ, ಮೊಬೈಲನ್ನು ಮಗ್ಗುಲಿಗಿಟ್ಟು ಹೀಗೆ ಕೇಳಲು ಯಾವ ಪದವಿಯೂ ಬೇಡ. ಕನ್ನಡ ಬಂದರೆ ಸಾಕು.

ಕೊನೆಯದಾಗಿ ಸಂಘಕ್ಕೆ ಒಂದು ಬಿನ್ನಹ. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಓದಿದ ಒಂದು ಪೀಳಿಗೆಯನ್ನು ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಬೆಳೆಸಿದುವು. ಅಲ್ಲಿ ಓದಿದವರು ಗುಮಾಸ್ತರಾದರು, ವಕೀಲರಾದರು, ಉದ್ಯಮಿಗಳಾದರು. ಆ ಶಾಲೆಗಳಲ್ಲಿ ಹಲವು ಇಂದು ಮುಚ್ಚಿವೆ. ನಗರದ ಕನ್ನಡ ಮಾಧ್ಯಮದ ಶಾಲೆಗಳೂ ಬಹಳ ಕಡಿಮೆಯಾಗಿವೆ. ಕಾಲ ಬದಲಾಗಿದೆ, ಅದೇ ಶಾಲೆಗಳನ್ನು ಅದೇ ರೂಪದಲ್ಲಿ ಮತ್ತೆ ತೆರೆಯುವುದು ಆಗದ ಮಾತು. ಆದರೆ ವಾರಕ್ಕೆ ಎರಡು ಸಂಜೆ ಸಂಘದ ಒಂದು ಕೋಣೆಯನ್ನು ತೆರೆದಿಡುವುದು ಆಗದ ಮಾತಲ್ಲ. ಒಂದು ಕರಿಹಲಗೆ, ನಾಲ್ಕು ಚಾಪೆ, ಒಂದು ಕಪಾಟು ಪುಸ್ತಕ. ನಮ್ಮಲ್ಲಿ ಬ್ಯಾಂಕುಗಳಿಂದ, ಕಾರ್ಖಾನೆಗಳಿಂದ, ಕಾಲೇಜುಗಳಿಂದ ನಿವೃತ್ತರಾದವರು ಎಷ್ಟೋ ಮಂದಿ ಇದ್ದಾರೆ. ಅವರು ಸರದಿಯ ಮೇಲೆ ಬರಲಿ. ಹನ್ನೆರಡನೆಯ ತರಗತಿಯವರು ಒಂಬತ್ತನೆಯವರಿಗೆ, ಒಂಬತ್ತನೆಯವರು ಐದನೆಯವರಿಗೆ ಹೇಳಿಕೊಡಲಿ. ಹೇಳಿಕೊಡುವವನಿಗೆ ಕೇಳುವವನಿಗಿಂತ ಹೆಚ್ಚು ಲಾಭ. ಕ್ಲಾಸಿನ ಹಣ ಕಟ್ಟಲಾಗದ ಮನೆಯ ಮಕ್ಕಳಿಗೆ ಮೊದಲ ಜಾಗ. ಬರೆಯುವುದು ಯಾವ ಭಾಷೆಯಲ್ಲಾದರೂ ಆಗಲಿ, ಆ ಕೋಣೆಯ ಮಾತು ಕನ್ನಡ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲೇ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರತರಲು ಮುಂದಾದರು. ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೇ ಎಂಬ ಪ್ರಶ್ನೆಗೆ ಅವರು ನೂರು ವರ್ಷಗಳ ಹಿಂದೆಯೇ ಕೈಯಾರೆ ಉತ್ತರ ಕೊಟ್ಟರು. ಅಷ್ಟು ದೊಡ್ಡ ಕೆಲಸ ನಮ್ಮಿಂದಾಗದಿರಬಹುದು. ನಮ್ಮ ಮನೆಯ ಮಗು ತಾನು ಕಲಿತದ್ದನ್ನು ನಮ್ಮ ಎದುರು ಕೂತು ಕನ್ನಡದಲ್ಲಿ ಹೇಳುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಆ ಕೋಣೆಯ ಬಾಗಿಲು ತೆರೆದಿರಲಿ. ಮೊದಲ ತಿಂಗಳ ಸಂಜೆಗಳಿಗೆ ನನ್ನ ಹೆಸರನ್ನು ಈ ದಿನವೇ ಬರೆದುಕೊಳ್ಳಿ ಎಂದು ಕಾರ್ಯದರ್ಶಿಗಳನ್ನು ಕೇಳಿಕೊಳ್ಳುತ್ತೇನೆ.